ಆಗುಂಬೆಯ ಹಳದಿ, ಚಳ್ಳಕೆರೆಯ ಹಳದಿ: ಗ್ರಾಸ್ ಯೆಲ್ಲೋ ಚಿಟ್ಟೆಗಳನ್ನು ಊರುವಾರು ಹೋಲಿಸುವುದು ಹೇಗೆ?

ಪೆಟ್ಟಿಗೆ_ಪಾಲಕ (ಪ್ರಶ್ನೆ)

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಳೆಯ ಕೀಟಪೆಟ್ಟಿಗೆಗಳಿವೆ. ಅದರಲ್ಲಿ ಅರವತ್ತರ ಹತ್ತಿರ ಹಳದಿ ಚಿಟ್ಟೆಗಳು. ಎಲ್ಲದಕ್ಕೂ ‘ಯೂರೆಮಾ ಹೆಕಬೆ’, ಅಂದರೆ ಕಾಮನ್ ಗ್ರಾಸ್ ಯೆಲ್ಲೋ ಅಂತ ಚೀಟಿ ಇದೆ. ಊರು ಮತ್ತು ತಿಂಗಳು ಬರೆದಿದ್ದಾರೆ, ಹೆಚ್ಚೇನೂ ಇಲ್ಲ. ಆಗುಂಬೆ ಮತ್ತು ಅಂಕೋಲದವುಗಳಲ್ಲಿ ಮುಂದಿನ ರೆಕ್ಕೆಯ ಕಪ್ಪು ಅಂಚು ದಪ್ಪ. ಚಳ್ಳಕೆರೆಯವುಗಳಲ್ಲಿ ಅಂಚು ತೆಳು, ಕೆಳಮೈಯಲ್ಲಿ ತುದಿಯ ಹತ್ತಿರ ಕೆಂಪು-ಕಂದು ಮಚ್ಚೆ. ಒಂದಷ್ಟು ಚಿಟ್ಟೆಗಳು ಹಳದಿ ಹೋಗಿ ಕಿತ್ತಳೆ ಕೆಂಪಾಗಿವೆ. ‘ಊಟಿ’ ಅಂತ ಚೀಟಿ ಇರುವ ಬಿಳಿ ಚಿಟ್ಟೆಗಳೂ ಅದೇ ಸಾಲಿನಲ್ಲಿ ಸೇರಿಕೊಂಡಿವೆ.

ಕೇಳಬೇಕಾದ್ದು: ಮಲೆನಾಡಿನದ್ದು, ಬಯಲುಸೀಮೆಯದ್ದು ಬೇರೆ ಬೇರೆ ಪ್ರಾದೇಶಿಕ ಬಗೆ ಎನ್ನಬಹುದೇ? ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಇದನ್ನು ಸರಿಯಾಗಿ ಅಳೆದು ಹೋಲಿಸುವ ಕ್ರಮ ಯಾವುದು? ಹೊಸ ಮಾದರಿ ಸೇರಿಸಬೇಕಾದರೆ ಎಷ್ಟು, ಹೇಗೆ?

ಪಶ್ಚಿಮಘಟ್ಟಿ

ನೀವು ಹೇಳಿದ ವ್ಯತ್ಯಾಸ ಊರಿನದ್ದಲ್ಲ, ಋತುವಿನದ್ದು. ದಪ್ಪ ಅಂಚು ಮಳೆಗಾಲದ ರೂಪ. ತೆಳು ಅಂಚು, ಕೆಳಮೈಯಲ್ಲಿ ಕೆಂಪು-ಕಂದು ಮಚ್ಚೆ ಒಣಗಾಲದ ರೂಪ. ಆಗುಂಬೆಯಲ್ಲೇ ಜನವರಿ, ಫೆಬ್ರವರಿಯಲ್ಲಿ ನೋಡಿದರೆ ನಿಮ್ಮ ‘ಚಳ್ಳಕೆರೆ ಬಗೆ’ ಹಾರಾಡುತ್ತಿರುತ್ತದೆ. ಕರ್ನಾಟಕದ ಹೆಕಬೆ ಪೂರಾ ಒಂದೇ ಉಪಜಾತಿ, ಕರಾವಳಿಗೊಂದು ಬಯಲಿಗೊಂದು ಅಂತ ಯಾರೂ ಬೇರೆ ಮಾಡಿಲ್ಲ.

ಹಾಗಂತ ಎರಡು ಊರಿನ ಚಿಟ್ಟೆಗಳನ್ನು ‘ಒಂದೇ ತಿಂಗಳದ್ದು’ ಅಂತ ಜೋಡಿಸಿ ಹೋಲಿಸಿದರೂ ಎಡವುತ್ತೀರಿ. ಹೆಚ್ಚಿನ ಪ್ರಾಜೆಕ್ಟ್‌ಗಳು ಕೆಡುವುದು ಇಲ್ಲೇ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಚಳ್ಳಕೆರೆಗೆ 500 ಮಿ.ಮೀ. ಆದರೆ ದೊಡ್ಡದು, ಅದೂ ಜೋರು ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜುಲೈಯಲ್ಲಿ ಆಗುಂಬೆ ಜಲಮಯ, ಚಳ್ಳಕೆರೆ ಬಾಯಿಬಿಟ್ಟ ನೆಲ. ಕ್ಯಾಲೆಂಡರ್ ಒಂದೇ, ಚಿಟ್ಟೆ ಕಂಡ ಋತು ಬೇರೆ. ರೆಕ್ಕೆಯ ರೂಪ ತೀರ್ಮಾನವಾಗುವುದು ಹುಳುವಾಗಿದ್ದಾಗ, ಹಿಡಿದ ದಿನ ಅಲ್ಲ. ಹಾಗಾಗಿ ತಿಂಗಳ ಬದಲು, ಹಿಡಿಯುವ ಹಿಂದಿನ ಮೂರ್ನಾಲ್ಕು ವಾರದ ಮಳೆ ಮತ್ತು ಉಷ್ಣತೆ ನೋಡಿ ಜೋಡಿ ಮಾಡಿ. ಹೋಬಳಿ ಮಟ್ಟದ ಮಳೆ ಲೆಕ್ಕ ಸಿಗುತ್ತದೆ, ಅದು ಸಾಕು.

ಇದಕ್ಕಿಂತ ಮೊದಲು, ಎಲ್ಲವೂ ಹೆಕಬೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಹಳೇ ಪೆಟ್ಟಿಗೆಗಳಲ್ಲಿ ಯೂರೆಮಾದ ನಾಲ್ಕೈದು ಜಾತಿ ಒಂದೇ ಚೀಟಿಯ ಕೆಳಗೆ ಕೂತಿರುತ್ತವೆ. 10x ಲೂಪ್ (ಕೈಭೂತಗನ್ನಡಿ) ಹಿಡಿದು ಮುಂದಿನ ರೆಕ್ಕೆಯ ಕೆಳಮೈ ನೋಡಿ. ಸೆಲ್ ಅಂದರೆ ರೆಕ್ಕೆಯ ಬುಡದಿಂದ ನಡುವಿನವರೆಗೆ ನರಗಳು ಸುತ್ತುವರಿದ ಭಾಗ. ಅದರ ಒಳಗೆ, ಸೆಲ್ಲಿನ ತುದಿಯಲ್ಲಿರುವ ಗುರುತನ್ನು ಬಿಟ್ಟು, ಎಷ್ಟು ಚುಕ್ಕೆ ಇದೆ ಎಣಿಸಿ. ಎರಡಿದ್ದರೆ ಹೆಕಬೆ, ಮೂರಿದ್ದರೆ ಬ್ಲಾಂಡಾ, ಒಂದಿದ್ದರೆ ಆಂಡರ್ಸೋನಿ ಇರಬಹುದು. ‘ಇರಬಹುದು’ ಅಂದದ್ದು ಬೇಕೆಂದೇ. ಹೆಕಬೆಯಲ್ಲೂ ಒಮ್ಮೊಮ್ಮೆ ಒಂದು ಚುಕ್ಕೆ ಮಾಯವಾಗಿರುತ್ತದೆ. ಸೆಲ್ಲಿನಲ್ಲಿ ಚುಕ್ಕೆಯೇ ಇಲ್ಲ, ಕಪ್ಪು ಅಂಚಿನ ಒಳಗೆರೆ ಕೊರೆದಂತಿಲ್ಲದೆ ನುಣುಪಾಗಿ ಹರಿದಿದೆ, ಹಿಂದಿನ ರೆಕ್ಕೆ ದುಂಡಗಿದೆ ಅಂದರೆ ಬ್ರಿಜಿಟಾ. ಮುಂದಿನ ರೆಕ್ಕೆಯ ತುದಿ ಚೌಕಾಕಾರಕ್ಕೆ ಕತ್ತರಿಸಿದಂತಿದ್ದು, ಹಿಂದಿನ ರೆಕ್ಕೆಯ ಕೆಳಮೈಯಲ್ಲಿ ನೇರವಾದ ಕಂದು ಗೆರೆಗಳಿದ್ದರೆ ಲೀಟಾ, ಅದೂ ಒಣಗಾಲದ ರೂಪ. ಚಳ್ಳಕೆರೆಯ ಸಾಲಿನಲ್ಲಿ ಇವೆರಡೂ ಸಿಕ್ಕರೆ ಆಶ್ಚರ್ಯ ಇಲ್ಲ, ಒಣ ಹುಲ್ಲುಗಾವಲು ಅವಕ್ಕೆ ಹೇಳಿ ಮಾಡಿಸಿದ ಜಾಗ. ಅನುಮಾನ ಉಳಿದವನ್ನು ಬೇರೆ ಟ್ರೇಗೆ ತೆಗೆದಿಡಿ, ಅಳತೆಗೆ ಸೇರಿಸಬೇಡಿ.

ಆಮೇಲೆ ಗಂಡು ಹೆಣ್ಣು ಬೇರ್ಪಡಿಸಿ. ಹೆಕಬೆ ಗಂಡಿನ ಮುಂದಿನ ರೆಕ್ಕೆಯ ಕೆಳಮೈಯಲ್ಲಿ, ಬುಡದ ಕಡೆ, ಸೆಲ್ಲಿನ ಕೆಳಗಿನ ನರದ ಗುಂಟ ಒತ್ತಾದ ಹುರುಪೆಗಳ ಪಟ್ಟಿ ಇರುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟರೆ ಕಾಣುತ್ತದೆ, ನೇರ ಬಿಟ್ಟರೆ ತಪ್ಪಿಹೋಗುತ್ತದೆ. ಹೆಣ್ಣಿನ ಹಳದಿ ಪೇಲವ, ಕಪ್ಪು ಅಂಚಿನ ಒಳಗೆರೆಯೂ ಅಷ್ಟು ಚೂಪಲ್ಲ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ‘ಪ್ರಾದೇಶಿಕ ವ್ಯತ್ಯಾಸ’ ಅಂತ ಬರುವುದು ನಿಜಕ್ಕೂ ಯಾವ ಊರಿನಲ್ಲಿ ಹೆಣ್ಣು ಜಾಸ್ತಿ ಹಿಡಿದಿದ್ದರು ಅನ್ನುವ ಲೆಕ್ಕ. ಒದ್ದೆ ಮರಳಿನ ಮೇಲೆ ಗುಂಪಾಗಿ ಕೂತಾಗ ಹಿಡಿದವಾದರೆ ಬಹುತೇಕ ಎಲ್ಲಾ ಗಂಡೇ.

ಬಯಲುಸೀಮೆ_ಕೀಟ

ಮೇಲಿನದ್ದಕ್ಕೆ ಒಂದು ತಿದ್ದುಪಡಿ. ‘ಋತುರೂಪ ಅಷ್ಟೇ’ ಅಂತ ಕೈತೊಳೆದುಕೊಳ್ಳುವುದೂ ಆತುರ. ಋತು, ಲಿಂಗ, ಜಾತಿ ಮೂರನ್ನೂ ಕಳೆದ ಮೇಲೂ ಎರಡು ಊರುಗಳ ನಡುವೆ ಗಾತ್ರದಲ್ಲೋ ಅಂಚಿನಲ್ಲೋ ಸಣ್ಣ ವ್ಯತ್ಯಾಸ ಉಳಿಯಬಹುದು. ಅದನ್ನು ಹುಡುಕುವುದೇ ಒಳ್ಳೇ ಪ್ರಾಜೆಕ್ಟ್. ಸಿಕ್ಕಿದ್ದಕ್ಕೆ ಹೆಸರು ಇಡಲು ಹೊರಡಬೇಡಿ, ಅಷ್ಟೇ. ಉಪಜಾತಿ ಎನ್ನಲು ಹಳೆಯ ಒಂದು ಅಳತೆಗೋಲಿದೆ: 1949ರಲ್ಲಿ ಪಕ್ಷಿತಜ್ಞ ಅಮಾಡನ್ ಹೇಳಿದ ಶೇ 75ರ ನಿಯಮ. ಒಂದು ಪ್ರದೇಶದ ಶೇ 75 ಮಾದರಿಗಳಾದರೂ ಇನ್ನೊಂದು ಪ್ರದೇಶದ ಹೆಚ್ಚೂಕಮ್ಮಿ ಎಲ್ಲದರಿಂದ ಬೇರೆಯಾಗಿ ನಿಲ್ಲಬೇಕು. ಸರಾಸರಿ ಬೇರೆ ಬಂದರೆ ಸಾಲದು. ಬಾರ್ ಗ್ರಾಫ್ ಬಿಡಿ, ಪ್ರತಿ ಚಿಟ್ಟೆಗೆ ಒಂದು ಚುಕ್ಕೆ ಇಟ್ಟು ಪಕ್ಕಪಕ್ಕ ಗ್ರಾಫ್ ಹಾಕಿಸಿ. ಒಂದರ ಮೇಲೊಂದು ಎಷ್ಟು ಬಿದ್ದಿವೆ ಅನ್ನುವುದು ಕಣ್ಣಿಗೇ ಗೊತ್ತಾಗುತ್ತದೆ.

ಎಣಿಕೆ: ಒಂದು ಊರು, ಒಂದು ಋತು, ಒಂದು ಲಿಂಗಕ್ಕೆ 20ರಿಂದ 30. ಅರವತ್ತನ್ನು ಮೂರು ಊರು, ಎರಡು ರೂಪ, ಎರಡು ಲಿಂಗಕ್ಕೆ ಹಂಚಿದರೆ ತಲಾ ಐದು. ಐದರಲ್ಲಿ ಏನೂ ಹೇಳಲಾಗದು.

ಇನ್ನೊಂದು, ಎಮಿಗ್ರಂಟ್‌ಗಳನ್ನು, ಅಂದರೆ ಕ್ಯಾಟೊಪ್ಸಿಲಿಯಾಗಳನ್ನು, ಈ ಹೋಲಿಕೆಗೆ ಎಳೆಯಬೇಡಿ. ಅವು ವಲಸೆ ಹೋಗುವಂಥವು, ತುಮಕೂರಲ್ಲಿ ಸಿಕ್ಕಿದ್ದು ತುಮಕೂರಲ್ಲೇ ಹುಟ್ಟಿದ್ದು ಅನ್ನಲು ಆಧಾರವಿಲ್ಲ. ಅವುಗಳಲ್ಲೊಂದು ಜಾತಿಯಾದ ಪೊಮೋನಾದಲ್ಲಿ ಕೆಂಪು ಮೀಸೆ, ಕೆಳಮೈಯಲ್ಲಿ ಬೆಳ್ಳಿ ಉಂಗುರ ಇರುವುದೊಂದು ರೂಪ. ಕಪ್ಪು ಮೀಸೆ, ಉಂಗುರ ಇಲ್ಲದ್ದು ಕ್ರೊಕೇಲ್ ರೂಪ. ಇವನ್ನು ಬಹುಕಾಲ ಎರಡು ಜಾತಿ ಎಂದೇ ಎಣಿಸಿದ್ದರು. ಒಂದೇ ಕಕ್ಕೆ ಮರದ ಹುಳುಗಳಿಂದ ಎರಡೂ ಬರುತ್ತವೆ.

ಲೆನ್ಸ್‌ಮರಿ

ಅಳತೆಯ ವಿಷಯ. ಪಿನ್ನಿನಲ್ಲಿರುವ ಚಿಟ್ಟೆಗೆ ವರ್ನಿಯರ್ ತಾಗಿಸಿದರೆ ರೆಕ್ಕೆ ಮುರಿಯುತ್ತದೆ. ಫೋಟೊ ತೆಗೆದು ಪರದೆಯ ಮೇಲೆ ಅಳೆಯಿರಿ.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೆಳಮುಖವಾಗಿ ಕಟ್ಟಿ. 90 ಅಥವಾ 100 ಮಿ.ಮೀ. ಮ್ಯಾಕ್ರೊ ಲೆನ್ಸ್, ಎಫ್/8. ಚಿಟ್ಟೆ ಇಡುವ ಜಾಗದಲ್ಲಿ ಮೊದಲು ಒಂದು ಚಿಕ್ಕ ಕನ್ನಡಿ ಇಟ್ಟು ನೋಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಬಂದರೆ ಕ್ಯಾಮೆರಾ ನೆಟ್ಟಗಿದೆ. ಮಿಲಿಮೀಟರ್ ಪಟ್ಟಿಯನ್ನು ಥರ್ಮೋಕೋಲ್ ತುಂಡಿನ ಮೇಲೆ ಏರಿಸಿ, ರೆಕ್ಕೆಯ ಮಟ್ಟಕ್ಕೇ ಇಡಬೇಕು. ಪಟ್ಟಿ ತಳದಲ್ಲಿ, ಚಿಟ್ಟೆ ಎರಡು ಸೆಂ.ಮೀ. ಮೇಲೆ ಇದ್ದರೆ ಎಲ್ಲಾ ಚಿಟ್ಟೆಗಳೂ ಇದ್ದದ್ದಕ್ಕಿಂತ ದೊಡ್ಡದಾಗಿ ಬರುತ್ತವೆ. ಮೇಲ್ಮೈ, ಕೆಳಮೈ ಎರಡರದ್ದೂ ಫೋಟೊ ಬೇಕು.

ಹಳದಿ ಬಣ್ಣ ಕ್ಯಾಮೆರಾಗೆ ಕಷ್ಟ. ಕೆಂಪು ಚಾನೆಲ್ ಬೇಗ ತುಂಬಿ ಹೋಗಿ ಹಳದಿಯೆಲ್ಲಾ ಒಂದೇ ಸಮ ಕಾಣುತ್ತದೆ. ರಾ ಫೈಲ್‌ನಲ್ಲಿ ತೆಗೆಯಿರಿ, ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್‌ನಷ್ಟು ಇಳಿಸಿ, ಶೇ 18ರ ಬೂದು ಕಾರ್ಡ್ ಪ್ರತಿ ಚೌಕಟ್ಟಿನಲ್ಲೂ ಇರಲಿ. ಕಿಟಕಿ ಬೆಳಕು ಬೇಡ, ಅದು ಗಂಟೆಗಂಟೆಗೂ ಬದಲಾಗುತ್ತದೆ. ಹಾಗೆ ತೆಗೆದರೂ ಹಳೇ ಮಾದರಿಗಳ ಹಳದಿಯನ್ನು ಹೊಸದರ ಜೊತೆ ಹೋಲಿಸಬೇಡಿ, ಬೆಳಕಿಗೆ ಬಣ್ಣ ಮಾಸಿರುತ್ತದೆ. ಹಳೆಯವುಗಳಲ್ಲಿ ನಂಬಬಹುದಾದ್ದು ಕಪ್ಪು ಮಾತ್ರ.

ಇಮೇಜ್‌ಜೆ ಉಚಿತ ತಂತ್ರಾಂಶ. ಅದರಲ್ಲಿ ಮೂರು ಅಳತೆ ಸಾಕು: ಬುಡದಿಂದ ತುದಿವರೆಗೆ ಮುಂದಿನ ರೆಕ್ಕೆಯ ಉದ್ದ, 4ನೇ ನರದ ಗುಂಟ ಕಪ್ಪು ಅಂಚಿನ ಅಗಲ, ಅದರ ಕೆಳಗೆ ಒಳಕ್ಕೆ ಕೊರೆದಂತಿರುವ ಕಡೆ ಅಂಚಿನ ಅಗಲ. ಅಗಲವನ್ನು ರೆಕ್ಕೆಯ ಉದ್ದದಿಂದ ಭಾಗಿಸಿ, ಇಲ್ಲದಿದ್ದರೆ ದೊಡ್ಡ ಚಿಟ್ಟೆಗೆ ದಪ್ಪ ಅಂಚು ಅನ್ನುವುದಷ್ಟೇ ಸಿಗುತ್ತದೆ. ಇದಕ್ಕಿಂತ ಒಳ್ಳೆಯದು ಥ್ರೆಶೋಲ್ಡ್ ಹಾಕಿ (ಕಪ್ಪು ಭಾಗವನ್ನಷ್ಟೇ ತಂತ್ರಾಂಶದಿಂದ ಆರಿಸಿ) ಕಪ್ಪಿನ ವಿಸ್ತೀರ್ಣವನ್ನು ಇಡೀ ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸುವುದು. ಅಂಚಿನ ರೋಮ ಉದುರಿದ, ತುದಿ ಹರಿದ ಮಾದರಿಗಳನ್ನು ಬಿಡಿ. ಅಳೆಯುವವರಿಗೆ ಊರಿನ ಹೆಸರು ಕಾಣದಂತೆ ಫೈಲಿಗೆ ಬರೀ ಸಂಖ್ಯೆ ಕೊಡಿ. ಹತ್ತು ಚಿಟ್ಟೆಗಳನ್ನು ಒಂದು ವಾರ ಬಿಟ್ಟು ಮತ್ತೆ ಅಳೆಸಿ. ಎರಡು ಸಲದ ವ್ಯತ್ಯಾಸ ಊರುಗಳ ನಡುವಿನ ವ್ಯತ್ಯಾಸದಷ್ಟೇ ಇದ್ದರೆ ಆ ಅಳತೆ ಕೈಬಿಡಿ.

ಪೆಟ್ಟಿಗೆ_ಪಾಲಕ

ತುಂಬಾ ಉಪಯೋಗವಾಯ್ತು. ಲೂಪ್ ಹಿಡಿದು ನೋಡಿದೆ, ಚಳ್ಳಕೆರೆ ಸಾಲಿನಲ್ಲಿ ರೆಕ್ಕೆತುದಿ ಚೌಕ ಇರುವವು ನಿಜಕ್ಕೂ ಇವೆ. ಕೆಂಪಾದವುಗಳ ಕಥೆ ಏನು? ಅವೂ ಒಣಗಾಲದ ರೂಪವೇ? ಕೆಲವು ಮಾದರಿಗಳ ರೆಕ್ಕೆ ಮುಚ್ಚಿಕೊಂಡೇ ಒಣಗಿವೆ, ಅವನ್ನು ಬಿಸಿನೀರಿನ ಆವಿಯಲ್ಲಿ ಮೆದು ಮಾಡಿ ಬಿಡಿಸಬಹುದಾ? ಊಟಿಯ ಬಿಳಿಯದ್ದು ಯಾವುದು?

ಪಶ್ಚಿಮಘಟ್ಟಿ

ಆವಿ ಬೇಡವೇ ಬೇಡ. ಈ ಗುಂಪಿನ ಹಳದಿ ಟೆರಿನ್ ಬಣ್ಣ, ಬಿಸಿನೀರಿಗೆ ಕರಗುತ್ತದೆ. 1889ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಹಾಪ್‌ಕಿನ್ಸ್ ಬ್ರಿಮ್‌ಸ್ಟೋನ್ ಚಿಟ್ಟೆಯ ರೆಕ್ಕೆಯಿಂದ ಹಳದಿಯನ್ನು ಬಿಸಿನೀರಿನಲ್ಲೇ ತೆಗೆದಿದ್ದರು. ಅಮೋನಿಯಾ ಇರುವ ಕ್ಲೀನರ್‌ಗಳನ್ನೂ ಆ ಪೆಟ್ಟಿಗೆಗಳ ಹತ್ತಿರ ಸುಳಿಯಗೊಡಬೇಡಿ.

ಮೆದು ಮಾಡಲು ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ತಳದಲ್ಲಿ ಎರಡು ಸೆಂ.ಮೀ. ತೊಳೆದ ಮರಳು, ಅದು ತೇವವಾಗುವಷ್ಟು ತಣ್ಣೀರು, ಬೂಸ್ಟು ಬಾರದಂತೆ ಚಿಟಿಕೆ ಥೈಮಾಲ್ ಹರಳು. ಮರಳಿನ ಮೇಲೆ ಜಾಲರಿ, ಜಾಲರಿಯ ಮೇಲೆ ಚಿಟ್ಟೆ. ಮುಚ್ಚಳದ ಒಳಗೆ ಬ್ಲಾಟಿಂಗ್ ಕಾಗದ ಅಂಟಿಸಿ. ಅದಿಲ್ಲದಿದ್ದರೆ ಮುಚ್ಚಳದಿಂದ ಹನಿ ಬಿದ್ದು ರೆಕ್ಕೆಯ ಮೇಲೆ ಕಲೆ ಕೂರುತ್ತದೆ. ಯೂರೆಮಾ ಸಣ್ಣದು, ಒಂದು ದಿನಕ್ಕೆ ಮೆದುವಾಗುತ್ತದೆ. ತೀರಾ ಹಳೆಯದಕ್ಕೆ ಎರಡು, ಮೂರು ದಿನ. ಮೀಸೆ ಬಾಗುತ್ತದೆಯೇ ಅಂತ ಮೊದಲು ನೋಡಿ, ರೆಕ್ಕೆಗೆ ಆಮೇಲೆ ಕೈಹಾಕಿ. 1ನೇ ನಂಬರ್ ಪಿನ್ ಸಾಕು. ಮುಂದಿನ ರೆಕ್ಕೆಯ ಹಿಂಬದಿ ಅಂಚು ಮೈಗೆ ಲಂಬವಾಗಿ ಬರುವಂತೆ ಕಾಗದದ ಪಟ್ಟಿಯಿಂದ ಕಟ್ಟಿ, ಬೇಸಿಗೆಯಲ್ಲಿ ಹತ್ತು ದಿನ ಬಿಡಿ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಹಾಕಲೇಬೇಕೆಂದರೆ ಬೋರ್ಡನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯೊಳಗಿಡಿ.

ಕೆಂಪಾದದ್ದು ಕೀಟ ಕೊಲ್ಲುವ ಸಯನೈಡ್ ಬಾಟಲಿಯ ಕೆಲಸ. ಹಿಂದೆ ಕಾಲೇಜುಗಳಲ್ಲಿ ಅದನ್ನೇ ಬಳಸುತ್ತಿದ್ದರು. ತೇವದ ಜೊತೆ ಹೆಚ್ಚು ಹೊತ್ತು ಇಟ್ಟರೆ ಹಳದಿ ಚಿಟ್ಟೆಗಳು ಕಿತ್ತಳೆ, ಕೆಂಪಿಗೆ ತಿರುಗುತ್ತವೆ. ಒಣಗಾಲದ ಕೆಂಪು ಕೆಳಮೈಯಲ್ಲಿ ಮಾತ್ರ, ಎರಡೂ ರೆಕ್ಕೆಯಲ್ಲಿ ಅದೇ ಜಾಗದಲ್ಲಿ. ಸಯನೈಡ್ ಕೆಂಪು ಮೇಲ್ಮೈಗೂ ಹತ್ತಿರುತ್ತದೆ, ನರಗಳ ಲೆಕ್ಕವಿಲ್ಲದೆ ಅಡ್ಡಾದಿಡ್ಡಿ ಹರಡಿರುತ್ತದೆ, ಎಡಕ್ಕೂ ಬಲಕ್ಕೂ ಹೊಂದುವುದಿಲ್ಲ. ಇಂಥವನ್ನು ಕಪ್ಪು ಅಂಚಿನ ಅಳತೆಗೆ ಬಳಸಬಹುದು, ಬಣ್ಣದ ಮಾತಿಗೆ ಬೇಡ.

ಊಟಿಯ ಬಿಳಿಯದರಲ್ಲಿ ಇಷ್ಟು ನೋಡಿ: ಮುಂದಿನ ರೆಕ್ಕೆಯ ಸೆಲ್ಲಿನ ತುದಿಯಲ್ಲಿ ಕಪ್ಪು ಚುಕ್ಕೆ, ಕಪ್ಪು ಅಂಚಿನೊಳಗೆ ತಿಳಿ ಮಚ್ಚೆಗಳು, ಹಿಂದಿನ ರೆಕ್ಕೆಯ ಕೆಳಮೈಯ ನಡುವೆ ಕಂದು-ಗುಲಾಬಿ ಸುತ್ತಿದ ಬೆಳ್ಳಿ ಚುಕ್ಕೆ, ಗುಲಾಬಿ ಮೀಸೆ. ಇವಿದ್ದರೆ ನೀಲಗಿರಿ ಕ್ಲೌಡೆಡ್ ಯೆಲ್ಲೋ, ಕೋಲಿಯಸ್ ನೀಲಗಿರಿಯೆನ್ಸಿಸ್‌ನ ಹೆಣ್ಣು. ದಕ್ಷಿಣ ಭಾರತದ ಎತ್ತರದ ಶೋಲಾ ಹುಲ್ಲುಗಾವಲು ಬಿಟ್ಟರೆ ಬೇರೆಲ್ಲೂ ಇಲ್ಲದ ಜಾತಿ, ಜೋಪಾನ. ಗುಲಾಬಿ ಎಲ್ಲೂ ಕಾಣದಿದ್ದರೆ ಅಲ್ಲಿಯದೇ ಕ್ಯಾಬೇಜ್ ವೈಟ್, ಪಿಯರಿಸ್ ಕನಿಡಿಯಾ ಇದ್ದೀತು.

ಡೆನ್ವರ್_ಕನ್ನಡಿಗ

ಆ ಬಿಳಿ ಹೆಣ್ಣುಗಳನ್ನು ಬೇರೆ ಬಗೆ ಅಂತ ಇಡಬೇಡಿ. ಕೋಲಿಯಸ್‌ನ ಬಹಳ ಜಾತಿಗಳಲ್ಲಿ ಹೆಣ್ಣು ಎರಡು ಬಣ್ಣದಲ್ಲಿ ಬರುತ್ತದೆ. ಬಿಳಿಯ ‘ಆಲ್ಬಾ’ ರೂಪ ಒಂದೇ ಪ್ರಬಲ ಜೀನಿನದ್ದು, ಹೆಣ್ಣಿನಲ್ಲಷ್ಟೇ ಹೊರಗೆ ಕಾಣುತ್ತದೆ. ಇಲ್ಲಿ ಡೆನ್ವರ್ ಕಡೆ ಕುದುರೆಮಸಾಲೆ ಹೊಲಗಳಲ್ಲಿ ಕಿತ್ತಳೆಯ ಯೂರಿಥೀಮ್, ಹಳದಿಯ ಫಿಲೊಡೈಸ್ ಒಟ್ಟಿಗೇ ಹಾರುತ್ತವೆ, ಬೆರಕೆಯೂ ಆಗುತ್ತವೆ. ಬಿಳಿ ಹೆಣ್ಣು ಸಿಕ್ಕರೆ ಯಾವುದರದ್ದು ಅಂತ ಹೇಳುವುದು ಕಷ್ಟ. ಗಂಡುಗಳನ್ನು ಅತಿನೇರಳೆ ಫೋಟೊದಲ್ಲಿ ಬೇರೆ ಮಾಡಬಹುದು: ಯೂರಿಥೀಮ್ ಗಂಡಿನ ರೆಕ್ಕೆ ಹೊಳೆಯುತ್ತದೆ, ಫಿಲೊಡೈಸ್ ಕಪ್ಪಾಗಿ ಕಾಣುತ್ತದೆ. ಆ ಹೊಳಪು ಹುರುಪೆಯ ಮೇಲಿನ ಸೂಕ್ಷ್ಮ ಏಣುಗಳದ್ದು, ಬಣ್ಣದ್ದಲ್ಲ. ಹಾಗಾಗಿ ಫೋಟೊ ತೆಗೆಯುವ ಕೋನ ಸ್ವಲ್ಪ ಬದಲಾದರೂ ಮಾಯ. ಒಂದೇ ಚಿಟ್ಟೆಯನ್ನು ಎಡಕ್ಕೆ, ಬಲಕ್ಕೆ ವಾಲಿಸಿ ಮೂರು ಫೋಟೊ ತೆಗೆಯಬೇಕು. ಸಾಮಾನ್ಯ ಕ್ಯಾಮೆರಾದ ಸೆನ್ಸರ್ ಮುಂದಿನ ಫಿಲ್ಟರ್ ತೆಗೆಸದೆ ಇದು ಆಗದು.

ಋತುವಿನ ಮಾತು ಇಲ್ಲಿಗೂ ಸಲ್ಲುತ್ತದೆ. ವಸಂತದ ಪೀಳಿಗೆ ಸಣ್ಣದು, ಹಿಂದಿನ ರೆಕ್ಕೆಯ ಕೆಳಮೈ ಗಾಢ. ಕಪ್ಪು ಜಾಸ್ತಿಯಿದ್ದರೆ ಬಿಸಿಲಿಗೆ ಬೇಗ ಮೈ ಕಾಯುತ್ತದೆ. ಬೆಟ್ಟದ ಮೇಲಿನವುಗಳಲ್ಲೂ ಹಾಗೇ. ಎತ್ತರ ಬರೆಯದ ಲೇಬಲ್ ಈ ಗುಂಪಿಗೆ ಅರ್ಧ ಲೇಬಲ್.

ಬಯಲುಸೀಮೆ_ಕೀಟ

ಹೊಸ ಮಾದರಿ ಸೇರಿಸುವ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಬಲೆ ಎತ್ತಿಕೊಂಡು ಹೊರಡುವ ಮೊದಲು ಕಾನೂನು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಯಾವ ಚಿಟ್ಟೆಯನ್ನೂ ಹಿಡಿಯುವಂತಿಲ್ಲ. ಆಗುಂಬೆಗೆ ಸೋಮೇಶ್ವರ ಅಭಯಾರಣ್ಯ ಅಂಟಿಕೊಂಡೇ ಇದೆ, ಗಡಿ ಎಲ್ಲಿ ಅಂತ ನಕ್ಷೆ ನೋಡಿಕೊಳ್ಳಿ. 1972ರ ವನ್ಯಜೀವಿ ಕಾಯ್ದೆಯ ಅನುಸೂಚಿಯಲ್ಲಿರುವ ಜಾತಿಗಳನ್ನಂತೂ ಎಲ್ಲಿಯೂ ಹಿಡಿಯುವಂತಿಲ್ಲ. 2022ರಲ್ಲಿ ಅನುಸೂಚಿಗಳನ್ನು ಪೂರ್ತಿ ತಿದ್ದಿದ್ದಾರೆ, ಹಳೇ ಪಟ್ಟಿ ನಂಬಬೇಡಿ. ದಾರ್ಜಿಲಿಂಗ್ ಕಡೆಯ ಸಿಂಗಾಲಿಲ ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿ ಇಲ್ಲದೆ ಕೀಟ ಹಿಡಿದ ಜೆಕ್ ಕೀಟತಜ್ಞರಿಬ್ಬರು 2008ರಲ್ಲಿ ಬಂಧನಕ್ಕೊಳಗಾಗಿದ್ದರು.

ನನ್ನ ಅಭಿಪ್ರಾಯ ಕೇಳಿದರೆ ಪದವಿ ಮಟ್ಟದ ಪ್ರಾಜೆಕ್ಟ್‌ಗೆ ಕೊಲ್ಲುವ ಅಗತ್ಯವೇ ಇಲ್ಲ. ಕಾಲೇಜು ಆವರಣ, ಹೊಲದ ಬದುಗಳಲ್ಲಿ ಫೋಟೊ ಸಾಕು. ಒಂದು ತೊಡಕು: ಗ್ರಾಸ್ ಯೆಲ್ಲೋ ಕೂತಾಗ ರೆಕ್ಕೆ ಬಿಚ್ಚುವುದೇ ಅಪರೂಪ, ಅಂಚಿನ ಅಗಲ ಸಿಗದು. ಬಲೆಯಲ್ಲಿ ಹಿಡಿದು, ಪಾರದರ್ಶಕ ಸಿಡಿ ಕವರಿನ ಎರಡು ಹಾಳೆಗಳ ನಡುವೆ ಮೆಲ್ಲಗೆ ಚಪ್ಪಟೆ ಇರಿಸಿ, ಎರಡೂ ಕಡೆ ಫೋಟೊ ತೆಗೆದು ಅಲ್ಲೇ ಬಿಡಬಹುದು. ಹಿಡಿಯುವುದಕ್ಕೂ ಮೇಲಿನ ನಿಯಮವೇ ಅನ್ವಯ.

ಪೊರೆಹುಳು

ಊರೋ ಋತುವೋ ಎಂಬ ಜಗಳ ತೀರಿಸಲು ಸಾಕಿ ನೋಡುವುದೇ ದಾರಿ. ಎರಡು ಊರಿನ ಹೆಣ್ಣುಗಳಿಂದ ಮೊಟ್ಟೆ ಇಡಿಸಿ, ಒಂದೇ ಗಿಡದ ಎಲೆ, ಒಂದೇ ಉಷ್ಣತೆಯಲ್ಲಿ ಬೆಳೆಸಿ. ಆಗಲೂ ವ್ಯತ್ಯಾಸ ಉಳಿದರೆ ಅದು ವಂಶದ್ದು.

ಹೆಕಬೆಗೆ ತಗಚೆ, ಅಗಸೆ ಮರ (ಸೆಸ್ಬೇನಿಯಾ), ಸೀಮೆಹುಣಸೆ ಎಲ್ಲವೂ ಆಗುತ್ತದೆ. ಆದರೆ ಯಾವುದಾದರೂ ಒಂದನ್ನು ಹಿಡಿದು ಕೊನೆವರೆಗೂ ಅದನ್ನೇ ಕೊಡಿ, ಗಿಡ ಬದಲಾದರೆ ಗಾತ್ರ ಬದಲಾಗುತ್ತದೆ. ಮೊಟ್ಟೆ ಕದಿರಿನಾಕಾರ, ಬಿಳಿ, ಒಂದೊಂದೇ ಇಡುತ್ತದೆ. ಗುಂಪಾಗಿ ಇಟ್ಟು, ಕಪ್ಪು ತಲೆಯ ಹುಳುಗಳು ಒಟ್ಟಿಗೆ ಮೇಯುತ್ತಿದ್ದರೆ ಅದು ಬ್ಲಾಂಡಾ. ಹೆಕಬೆಯ ಹುಳುವಿನ ತಲೆಯೂ ಹಸಿರು. ಮೊಟ್ಟೆಯಿಂದ ಚಿಟ್ಟೆಗೆ ಮೂರು, ನಾಲ್ಕು ವಾರ. ಅರ್ಧ ಹುಳುಗಳನ್ನು 27 ಡಿಗ್ರಿ, 14 ಗಂಟೆ ಬೆಳಕಿನಲ್ಲೂ, ಇನ್ನರ್ಧವನ್ನು 20 ಡಿಗ್ರಿ, 10 ಗಂಟೆ ಬೆಳಕಿನಲ್ಲೂ ಬೆಳೆಸಿದರೆ ಒಂದೇ ತಾಯಿಯ ಮಕ್ಕಳಲ್ಲೇ ಅಂಚು ದಪ್ಪ-ತೆಳು ಆಗುವುದನ್ನು ವಿದ್ಯಾರ್ಥಿಗಳು ನೋಡಬಹುದು. ಡಬ್ಬಿಗೆ ಐದಕ್ಕಿಂತ ಹೆಚ್ಚು ಹುಳು ಬೇಡ. ಗೋಡೆಯ ಮೇಲೆ ನೀರು ಕಟ್ಟಿದರೆ ಹುಳು ಕಪ್ಪಾಗಿ ಕೊಳೆತು ಸಾಯುತ್ತವೆ, ದಿನಾ ಟಿಶ್ಯೂ ಬದಲಿಸಿ. ಹೊರಗಿಂದ ತಂದ ದೊಡ್ಡ ಹುಳುಗಳಲ್ಲಿ ಕಣಜ ಮೊಟ್ಟೆಯಿಟ್ಟಿರುವ ಸಂಭವ ಹೆಚ್ಚು, ಹಾಗಾಗಿ ಮೊಟ್ಟೆಯಿಂದಲೇ ಶುರು ಮಾಡಿ.

ಡಿಎನ್‌ಎ ಬಾರ್‌ಕೋಡ್ (ಡಿಎನ್‌ಎಯ ಒಂದು ತುಣುಕು ಓದಿ ಜಾತಿ ಗುರುತಿಸುವುದು) ಮಾಡಿಸಿದರೆ ಮುಗಿಯಿತಲ್ಲ ಅಂತ ಯಾರಾದರೂ ಹೇಳಿದರೆ ಜಪಾನಿನ ಉದಾಹರಣೆ ಕೊಡಿ. ಅಲ್ಲಿ ಹೆಕಬೆ ಅಂತ ಒಂದೇ ಹೆಸರಿನಲ್ಲಿದ್ದದ್ದು ಎರಡು ಜಾತಿ. ಒಕಿನಾವಾ ಕಡೆಯದ್ದಕ್ಕೆ ರೆಕ್ಕೆಯಂಚಿನ ರೋಮ ಕಂದು, ಉತ್ತರದ್ದಕ್ಕೆ ಹಳದಿ. ಹಳದಿಯದ್ದನ್ನು ಈಗ ಮಂಡರಿನಾ ಅನ್ನುತ್ತಾರೆ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ತಾಯಿಯಿಂದ ಮಕ್ಕಳಿಗೆ ದಾಟುವಾಗ ಮೈಟೊಕಾಂಡ್ರಿಯಾವನ್ನೂ ಜೊತೆಗೆ ಒಯ್ದು, ಎರಡು ಜಾತಿಯ ಮೈಟೊಕಾಂಡ್ರಿಯಾ ಬೆರೆತುಹೋಗಿವೆ. ಬಾರ್‌ಕೋಡ್ ಓದುವುದೇ ಅದನ್ನು. ಆದ್ದರಿಂದ ಇಂಥ ಕಡೆ ಕೋಶಕೇಂದ್ರದ ಜೀನ್‌ಗಳನ್ನೂ ನೋಡಬೇಕಾಗುತ್ತದೆ.

ಸಾಕಿದ ಚಿಟ್ಟೆಯನ್ನು ಪೆಟ್ಟಿಗೆಗೆ ಸೇರಿಸುವುದಾದರೆ ಹಳೇ ಚೀಟಿಗಳಂತೆ ಊರು, ತಿಂಗಳು ಅಂತಷ್ಟೇ ಬರೆಯಬೇಡಿ. ತಾಯಿ ಸಿಕ್ಕ ಜಾಗ, ಅಕ್ಷಾಂಶ-ರೇಖಾಂಶ, ಎತ್ತರ, ದಿನಾಂಕ ಒಂದು ಚೀಟಿ. ‘ಸಾಕಿದ್ದು’ ಎಂಬ ಮಾತು, ಗಿಡ, ಉಷ್ಣತೆ, ಬೆಳಕಿನ ಗಂಟೆ, ಚಿಟ್ಟೆ ಹೊರಬಂದ ದಿನ ಎರಡನೇ ಚೀಟಿ. ಎರಡೂ ಅದೇ ಪಿನ್ನಿಗೆ. ಇಲ್ಲದಿದ್ದರೆ ತಂಪು ಪೆಟ್ಟಿಗೆಯಲ್ಲಿ ಬೆಳೆದ ತೆಳು ಅಂಚಿನ ಚಿಟ್ಟೆ ‘ಆಗುಂಬೆ, ಜುಲೈ’ ಅಂತ ಕೂತು, ಮುಂದೆ ಅಳೆಯುವವರ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಹಳೇ ಚೀಟಿಗಳನ್ನೂ ಕಿತ್ತು ಬಿಸಾಡಬೇಡಿ, ನಿಮ್ಮ ಹೊಸ ಗುರುತಿನ ಚೀಟಿ ಅದರ ಕೆಳಗೆ ಬರಲಿ.